ನಾಯಕನ ವಿವೇಕವೆಂಬ ನಂಬಿಕೆ: ಕೆಂಜಾರು ದುರಂತವನ್ನು ಮುಂದಿಟ್ಟುಕೊಂಡು ಒಂದು ಖಂಡನೆ

ಸಂಸ್ಥೆಯೊಂದರ ಏಳುಬೀಳುಗಳು ಅದರ ಮುಖ್ಯಸ್ಥನ ವಿವೇಕವನ್ನು ಅವಲಂಬಿಸಿವೆ, ಆ ವಿವೇಕವು ಅನುಭವದಿಂದಲೂ ತರಬೇತಿಯಿಂದಲೂ ಪಕ್ವವಾಗುವ ವೈಯಕ್ತಿಕ ಗುಣವಾಗಿದೆ, ಆದ್ದರಿಂದ ಒಳ್ಳೆಯ ನಾಯಕರನ್ನು ರೂಪಿಸಿದರೆ ಒಳ್ಳೆಯ ನಿರ್ಧಾರಗಳು ತಾವಾಗಿಯೇ ಹಿಂಬಾಲಿಸುತ್ತವೆ ಎಂಬ ನಂಬಿಕೆ ಇಂದಿನ ಉದ್ಯೋಗ ಜಗತ್ತಿನಲ್ಲಿ ಪ್ರಶ್ನೆಗೆ ಒಳಪಡದ ತತ್ತ್ವದಂತೆ ನೆಲೆಯೂರಿದೆ. ಬ್ಯಾಂಕು, ಆಸ್ಪತ್ರೆ, ವೈದ್ಯಕೀಯ ಮತ್ತು ಇಂಜಿನಿಯರಿಂಗ್ ಕಾಲೇಜು, ಬಂದರು, ತೈಲ ಶುದ್ಧೀಕರಣಾಗಾರ ಇವೆಲ್ಲವೂ ಕೆಲವೇ ಮೈಲಿಗಳ ಅಂತರದಲ್ಲಿ ನೆರೆದಿರುವ ಮಂಗಳೂರಿನಲ್ಲಿ ಈ ನಂಬಿಕೆಗೆ ವಿಶೇಷ ಮರ್ಯಾದೆ ಸಲ್ಲುತ್ತದೆ. ನಾಯಕತ್ವ ಶಿಬಿರಗಳಿಗೂ, ಸಂಸ್ಥಾಪಕರ ದಿನಾಚರಣೆಯ ಭಾಷಣಗಳಿಗೂ, ಮ್ಯಾನೇಜ್‌ಮೆಂಟ್ ತರಗತಿಗಳಿಗೂ ಅದೇ ಬಂಡವಾಳ. ಈಚಿನ ದಶಕಗಳಲ್ಲಿ ಇದಕ್ಕೆ ಒಂದು ಉಪಸಿದ್ಧಾಂತವೂ ಸೇರಿಕೊಂಡಿದೆ: ನಾಯಕನು ತಪ್ಪುವ ಸಂದರ್ಭದಲ್ಲಿ ಕೈಕೆಳಗಿನವರು ಧೈರ್ಯವಾಗಿ ಬಾಯಿ ಬಿಡಬೇಕು, ಬಿಟ್ಟರೆ ಸಾಕು, ಉಳಿದದ್ದು ಸರಿಹೋಗುತ್ತದೆ ಎಂಬುದು ಅದರ ಸಾರ. ಮೊದಲನೆಯದು ತಪ್ಪು ತಿಳಿವಳಿಕೆ. ಎರಡನೆಯದು ಆ ತಪ್ಪನ್ನು ಮುಚ್ಚುವ ತೇಪೆ. ಇವೆರಡಕ್ಕೂ ವಿರುದ್ಧವಾದ ಸಾಕ್ಷ್ಯ ಇದೇ ಊರಿನ ಅಂಚಿನಲ್ಲಿ, ಬಜ್ಪೆಯ ಗುಡ್ಡದ ಕೆಳಗಿನ ಕೆಂಜಾರಿನಲ್ಲಿ ದೊರಕಿದ್ದು, ಅದನ್ನು ಸರ್ಕಾರವೇ ನೇಮಿಸಿದ ವಿಚಾರಣಾ ಮಂಡಳಿಯೊಂದು ಲಿಖಿತವಾಗಿ ದಾಖಲಿಸಿದೆ.

2010ರ ಮೇ 22ರ ಬೆಳಗಿನ ಜಾವ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಬೋಯಿಂಗ್ 737-800 ವಿಮಾನವು ಬಜ್ಪೆಯಲ್ಲಿರುವ ಮಂಗಳೂರು ವಿಮಾನ ನಿಲ್ದಾಣದ ರನ್‌ವೇಯ ಕೊನೆಯನ್ನು ದಾಟಿ ಕಣಿವೆಗೆ ಉರುಳಿ ಹೊತ್ತಿ ಉರಿದುದರಿಂದ, ಅದರಲ್ಲಿದ್ದ 166 ಜನರಲ್ಲಿ 158 ಮಂದಿ ಮೃತಪಟ್ಟು 8 ಮಂದಿ ಮಾತ್ರ ಬದುಕುಳಿದರು. ನಿವೃತ್ತ ಏರ್ ಮಾರ್ಷಲ್ ಬಿ. ಎನ್. ಗೋಖಲೆ ಅವರ ಅಧ್ಯಕ್ಷತೆಯಲ್ಲಿ ನೇಮಕಗೊಂಡ ವಿಚಾರಣಾ ಮಂಡಳಿ ಅದೇ ವರ್ಷ ವರದಿ ಸಲ್ಲಿಸಿತು. ದುರಂತದ ಬಗ್ಗೆ ಊರಿನಲ್ಲಿ ಇಂದಿಗೂ ಹೆಚ್ಚಾಗಿ ಕೇಳಿಬರುವ ಮಾತು ‘ಟೇಬಲ್‌ಟಾಪ್ ರನ್‌ವೇ’, ಅಂದರೆ ಗುಡ್ಡದ ನೆತ್ತಿಯನ್ನು ಸಮತಟ್ಟು ಮಾಡಿ ನಿರ್ಮಿಸಿದ, ಸುತ್ತಲೂ ಇಳಿಜಾರಿರುವ ರನ್‌ವೇಯ ಕುರಿತಾದದ್ದು. ಅದೇ ವಿಮಾನ ನಿಲ್ದಾಣದಲ್ಲಿ 1981ರ ಆಗಸ್ಟ್‌ನಲ್ಲಿ ಇಂಡಿಯನ್ ಏರ್‌ಲೈನ್ಸ್‌ನ ಆವ್ರೋ ವಿಮಾನವೊಂದು ಹಳೆಯ ರನ್‌ವೇಯ ಕೊನೆ ದಾಟಿ ನಿಂತದ್ದನ್ನು ನೆನೆದರೆ ಆ ಮಾತಿಗೆ ಆಧಾರವಿಲ್ಲದಿಲ್ಲ. ಆದರೆ 2006ರಲ್ಲಿ ಬಳಕೆಗೆ ಬಂದ ಹೊಸ ರನ್‌ವೇಯ ಉದ್ದ ಸುಮಾರು 2,450 ಮೀಟರ್, ಅಂದರೆ 8,033 ಅಡಿ. ಆ ಮಾದರಿಯ ವಿಮಾನ ಇಳಿದು ನಿಲ್ಲಲು ಅದು ಸಾಕಾಗುತ್ತಿತ್ತು, ದಿನವೂ ಸಾಕಾಗುತ್ತಲೇ ಇತ್ತು. ಗುಡ್ಡವನ್ನು ದೂರುವುದರಲ್ಲಿ ಒಂದು ಅನುಕೂಲವಿದೆ: ಕಚೇರಿಗಳಲ್ಲಿ ಗುಡ್ಡಗಳಿಲ್ಲವಾದ್ದರಿಂದ ದುರಂತದ ಪಾಠವು ಅಲ್ಲಿಗೆ ಬಂದು ತಲುಪುವುದೇ ಇಲ್ಲ.

ವರದಿಯು ನಿರೂಪಿಸುವ ಘಟನಾವಳಿಯನ್ನು ಕೊಂಚ ವಿವರವಾಗಿ ನೋಡಬೇಕು. ಹಿಂದಿನ ರಾತ್ರಿ ಮಂಗಳೂರಿನಿಂದ ಹೊರಟು ದುಬೈ ತಲುಪಿ ಅಲ್ಲಿಂದ ಮರಳುತ್ತಿದ್ದ ಸಿಬ್ಬಂದಿಯಲ್ಲಿ ಕ್ಯಾಪ್ಟನ್‌ಗೆ ಹತ್ತು ಸಾವಿರ ತಾಸುಗಳಿಗೂ ಮಿಕ್ಕಿದ ಹಾರಾಟದ ಅನುಭವವಿತ್ತು. ಸಹಪೈಲಟ್‌ಗೆ ಇದ್ದದ್ದು ಅದರ ಅರ್ಧಕ್ಕಿಂತ ಕಡಿಮೆ, ಆದರೆ ಮಂಗಳೂರಿನಲ್ಲಿ ಇಳಿದ ಅನುಭವವನ್ನೇ ಅಳತೆಗೋಲಾಗಿ ಹಿಡಿದರೆ ಲೆಕ್ಕ ತಿರುಗುಮುರುಗಾಗುತ್ತದೆ, ಏಕೆಂದರೆ ಕ್ಯಾಪ್ಟನ್ ಇಲ್ಲಿಗೆ ಬಂದದ್ದು ಇಪ್ಪತ್ತಕ್ಕಿಂತ ಕಡಿಮೆ ಬಾರಿ, ಸಹಪೈಲಟ್ ಬಂದದ್ದು ಅರವತ್ತಕ್ಕೂ ಹೆಚ್ಚು ಬಾರಿ. (ಇಬ್ಬರೂ ಅದೇ ವಿಮಾನದಲ್ಲಿ ಪ್ರಾಣ ಬಿಟ್ಟವರು, ಅವರ ಹೆಸರುಗಳು ಈ ವಾದಕ್ಕೆ ಅಗತ್ಯವಿಲ್ಲ.) ಚಾಲಕ ಕೋಣೆಯ ಧ್ವನಿಮುದ್ರಿಕೆಯಲ್ಲಿ ಮೊದಲ ಒಂದು ಗಂಟೆ ನಲವತ್ತು ನಿಮಿಷಗಳ ಕಾಲ ಇಬ್ಬರ ನಡುವೆ ಮಾತೇ ಇಲ್ಲ, ಕ್ಯಾಪ್ಟನ್ ನಿದ್ರಿಸುತ್ತಿದ್ದರು. ಮಂಗಳೂರಿನ ರೇಡಾರ್ ಅಂದು ಕೆಟ್ಟಿದ್ದುದರಿಂದ ವಿಮಾನಕ್ಕೆ ಕೆಳಗಿಳಿಯುವ ಅನುಮತಿ ವಾಡಿಕೆಗಿಂತ ತಡವಾಗಿ, ನಿಲ್ದಾಣಕ್ಕೆ ಹತ್ತಿರವಾದ ಮೇಲೆ ಸಿಕ್ಕಿತು. ಅದಕ್ಕೆ ತಕ್ಕಂತೆ ಇಳಿತದ ಯೋಜನೆಯನ್ನು ತಿದ್ದಿಕೊಳ್ಳದ ಕಾರಣ ವಿಮಾನವು ಇರಬೇಕಾದುದಕ್ಕಿಂತ ಸುಮಾರು ಎರಡು ಪಟ್ಟು ಎತ್ತರದಲ್ಲಿ ಉಳಿಯಿತು. ಆ ಎತ್ತರವನ್ನು ಕಳೆದುಕೊಳ್ಳಲು ಕ್ಯಾಪ್ಟನ್ ಮೂತಿಯನ್ನು ಕೆಳಗಿಳಿಸಿ ಧುಮುಕಿಸಿದಾಗ ನೆಲದ ಸಾಮೀಪ್ಯವನ್ನು ಎಚ್ಚರಿಸುವ ಯಂತ್ರವು ಬಾರಿ ಬಾರಿಗೂ ಕೂಗಿತು. ರನ್‌ವೇಯ ಹೊಸ್ತಿಲಿನ ಮೇಲೆ 50 ಅಡಿ ಎತ್ತರದಲ್ಲಿ 144 ನಾಟ್ ವೇಗದಲ್ಲಿ ಸಾಗಬೇಕಾಗಿದ್ದ ವಿಮಾನ ಸುಮಾರು 200 ಅಡಿ ಎತ್ತರದಲ್ಲಿ 160 ನಾಟ್ ವೇಗದಲ್ಲಿ ಸಾಗಿ, ಸುಮಾರು 5,200 ಅಡಿ ರನ್‌ವೇಯನ್ನು ಗಾಳಿಯಲ್ಲಿಯೇ ಕಳೆದು, ಉಳಿದ 2,800 ಅಡಿಯ ಆರಂಭದಲ್ಲಿ ನೆಲ ಮುಟ್ಟಿತು. ಮುಟ್ಟಿದ ಕೂಡಲೇ ಪೂರ್ಣ ಬ್ರೇಕ್ ಮತ್ತು ಎಂಜಿನ್ನಿನ ಹಿಮ್ಮುಖ ಒತ್ತಡವನ್ನು ಬಳಸಿದ್ದರೆ ರನ್‌ವೇ ಹಾಸಿನ ಕೊನೆಯೊಳಗೇ ಅದನ್ನು ನಿಲ್ಲಿಸಬಹುದಿತ್ತೆಂದು ಮಂಡಳಿ ಲೆಕ್ಕ ಹಾಕಿದೆ. ಆದರೆ ಬ್ರೇಕ್ ಹಾಕಿದ ಕೆಲವೇ ಕ್ಷಣಗಳಲ್ಲಿ, ನಿಯಮಕ್ಕೆ ವಿರುದ್ಧವಾಗಿ, ಮತ್ತೆ ಮೇಲೇರುವ ಯತ್ನ ನಡೆಯಿತು.

ಇಷ್ಟರ ನಡುವೆ ಸಹಪೈಲಟ್ ಮೂರು ಸಲ ‘ಗೋ ಅರೌಂಡ್’ ಎಂದಿದ್ದರು. ಇಳಿಯುವ ಯತ್ನವನ್ನು ಅಲ್ಲಿಗೇ ಕೈಬಿಟ್ಟು, ಎಂಜಿನ್ನಿಗೆ ಪೂರ್ಣ ಶಕ್ತಿ ಕೊಟ್ಟು ಮೇಲೇರಿ, ಒಂದು ಸುತ್ತು ಹಾಕಿ ಮತ್ತೆ ಬರಬೇಕೆಂಬುದು ಆ ಸೂಚನೆಯ ಅರ್ಥ. ವಿಮಾನ ಸ್ಥಿರವಾಗಿಲ್ಲವೆಂದೂ ಅವರು ಹೇಳಿದ್ದರು. ದುರಂತದ ನೇರ ಕಾರಣವನ್ನು ಮಂಡಳಿ ಹೆಸರಿಸಿದ್ದು ಈ ಸೂಚನೆಗಳನ್ನೂ ಯಂತ್ರದ ಎಚ್ಚರಿಕೆಗಳನ್ನೂ ಮೀರಿ ಕ್ಯಾಪ್ಟನ್ ಇಳಿತವನ್ನು ಮುಂದುವರಿಸಿದ್ದನ್ನು. ನಾಯಕತ್ವದ ಪ್ರಚಾರಕರು ಓದುವುದನ್ನು ಇಲ್ಲಿಗೇ ನಿಲ್ಲಿಸುತ್ತಾರೆ: ನಾಯಕ ಅವಿವೇಕಿಯಾದ, ವಿಮಾನ ಬಿತ್ತು, ಆದ್ದರಿಂದ ವಿವೇಕಿಗಳಾದ ನಾಯಕರನ್ನು ತಯಾರಿಸೋಣ.

ಈ ತೀರ್ಮಾನ ನಿಲ್ಲುವುದಿಲ್ಲ. ಕ್ಯಾಪ್ಟನ್‌ಗೆ ಅನುಭವದ ಕೊರತೆ ಇರಲಿಲ್ಲ. ಹಾರಾಟಕ್ಕೆ ಮೊದಲು ಸಾಕಷ್ಟು ವಿಶ್ರಾಂತಿಯ ಅವಕಾಶವೂ ಇತ್ತೆಂದು ವರದಿ ಹೇಳುತ್ತದೆ. ಅವರ ತೀರ್ಮಾನ ಶಕ್ತಿ ಕುಂದಿದ್ದಕ್ಕೆ ಮಂಡಳಿ ಊಹಿಸಿದ ಕಾರಣ ದೇಹಕ್ಕೆ ಸಂಬಂಧಿಸಿದ್ದು: ದೀರ್ಘ ನಿದ್ರೆಯಿಂದ ಎದ್ದ ಬಳಿಕ ಕೆಲಕಾಲ ಬುದ್ಧಿ ಮಂದವಾಗಿರುವ ‘ನಿದ್ರಾಜಡತೆ’ ಎಂಬ ಸ್ಥಿತಿ, ಅದೂ ದೇಹದ ದಿನಚರಿಯಲ್ಲಿ ಎಚ್ಚರ ಅತ್ಯಂತ ಕೆಳಮಟ್ಟದಲ್ಲಿರುವ ಬೆಳಗಿನ ಜಾವದಲ್ಲಿ. ಈ ಸ್ಥಿತಿಗೆ ಸಿಕ್ಕವರಿಗೆ ತಮ್ಮ ಬುದ್ಧಿ ಎಷ್ಟು ಕುಂದಿದೆಯೆಂಬ ಅರಿವು ಅನೇಕವೇಳೆ ಪೂರ್ತಿಯಾಗಿ ಇರುವುದಿಲ್ಲ. ನಿದ್ರೆ, ಜ್ವರ, ಕೋಪ, ಮುಗಿಸಿಬಿಡುವ ಆತುರ, ಸಾಲದ ಚಿಂತೆ, ಹಿಂದಿನ ಯಶಸ್ಸಿನ ಅಮಲು, ಇವುಗಳಲ್ಲಿ ಯಾವುದು ವಿವೇಕವನ್ನು ಕೆಡಿಸಿದರೂ ಕೆಟ್ಟಿದೆಯೆಂದು ತಿಳಿಯಲು ಬೇಕಾದ ಸಾಧನವೂ ಅದೇ ವಿವೇಕವಾದ್ದರಿಂದ, ನಾಯಕನ ಆತ್ಮಪರೀಕ್ಷೆಯನ್ನು ಸಂಸ್ಥೆಯ ರಕ್ಷಣೆಯೆಂದು ಬಗೆಯುವುದು ತರ್ಕದಲ್ಲಿಯೇ ಸೋಲುತ್ತದೆ. ಶಿಬಿರದಲ್ಲಿ ಕಲಿತ ವಿವೇಕವು ಅತ್ಯಂತ ಅಗತ್ಯವಾದ ಗಳಿಗೆಯಲ್ಲಿಯೇ ಕೈಗೆ ಸಿಗದಿರುವ ಸಂಭವ ಹೆಚ್ಚು.

ಇನ್ನು ಧೈರ್ಯದ ಉಪಸಿದ್ಧಾಂತಕ್ಕೆ ಬರಬಹುದು. ಸಹಪೈಲಟ್ ಮೌನವಾಗಿದ್ದರೆ ಆ ಸಿದ್ಧಾಂತಕ್ಕೆ ಕೆಂಜಾರು ಒಳ್ಳೆಯ ನಿದರ್ಶನವಾಗುತ್ತಿತ್ತು. ಅವರು ಮೌನವಾಗಿರಲಿಲ್ಲ. ಹೇಳಬೇಕಾದ ಮಾತನ್ನು, ವಿಮಾನಯಾನದಲ್ಲಿ ಅದಕ್ಕೆ ನಿಗದಿಯಾದ ಪದಗಳಲ್ಲಿ, ಒಂದಲ್ಲ ಮೂರು ಸಲ ಹೇಳಿದರು. ಹಾಗಾದರೆ ಕೊರತೆ ಎಲ್ಲಿತ್ತು? ವರದಿಯು ಪಟ್ಟಿ ಮಾಡುವ ಪೂರಕ ಕಾರಣಗಳಲ್ಲಿ ಮೂರನೆಯದು, ಊರಿನ ಚರ್ಚೆಗಳಲ್ಲಿ ಅಪರೂಪಕ್ಕೂ ಕಾಣದ ಆ ಕಾರಣ, ಹೀಗಿದೆ: ಇಳಿತವನ್ನು ಕೈಬಿಡುವ ಅಧಿಕಾರವನ್ನು ಸಹಪೈಲಟ್‌ಗೆ ಕೊಡುವ ವಿವಿಧ ನಿರ್ದೇಶನಗಳು ಅಸ್ಪಷ್ಟವಾಗಿದ್ದುದರಿಂದಲೇ ಬಹುಶಃ ಅವರು ಮತ್ತೆ ಮತ್ತೆ ಹೇಳಿದರೇ ಹೊರತು ನಿಯಂತ್ರಣವನ್ನು ತಮ್ಮ ಕೈಗೆ ತೆಗೆದುಕೊಳ್ಳಲಿಲ್ಲ. ಅವರ ಮುಂದೆಯೂ ಒಂದು ಜೊತೆ ನಿಯಂತ್ರಣ ಸಾಧನಗಳಿದ್ದವು. ಹಿಡಿದರೆ ವಿಮಾನ ಮೇಲೇರುತ್ತಿತ್ತು. ಹಿಡಿಯಬಹುದೇ, ಹಿಡಿದರೆ ನಾಳೆ ಉದ್ಯೋಗದಲ್ಲಿ ಇರುತ್ತೇನೆಯೇ ಎಂಬುದಕ್ಕೆ ಕಾಗದದ ಮೇಲೆ ನಿಸ್ಸಂದಿಗ್ಧವಾದ ಉತ್ತರವಿರಲಿಲ್ಲ. ಇದಕ್ಕೆ ಪೂರಕವಾಗಿ ಇನ್ನೊಂದು ಸಂಗತಿಯನ್ನೂ ಗಮನಿಸಬೇಕು: ಮಂಗಳೂರು ಕಠಿಣ ನಿಲ್ದಾಣವಾದ್ದರಿಂದ ಇಲ್ಲಿ ವಿಮಾನವನ್ನು ಏರಿಸುವ ಮತ್ತು ಇಳಿಸುವ ಕೆಲಸವನ್ನು ಕ್ಯಾಪ್ಟನ್ ಮಾತ್ರ ಮಾಡಬೇಕೆಂದು ಸಂಸ್ಥೆ ವಿಧಿಸಿತ್ತು. ಅಪಾಯ ಹೆಚ್ಚಿದಷ್ಟೂ ಅಧಿಕಾರವನ್ನು ಒಬ್ಬ ಅನುಭವಿಯ ಕೈಗೇ ಒಪ್ಪಿಸಬೇಕೆಂಬ, ಮೇಲುನೋಟಕ್ಕೆ ಅತ್ಯಂತ ಸಮಂಜಸವಾಗಿ ಕಾಣುವ ಈ ಏರ್ಪಾಡಿನಲ್ಲಿ ಪ್ರಚಲಿತ ನಂಬಿಕೆಯ ಇಡೀ ತಿರುಳು ಅಡಗಿದೆ.

ವಿಮಾನಯಾನದಲ್ಲಿ ಇದಕ್ಕೊಂದು ಸಾಮಾನ್ಯ ಪರಿಹಾರ ಮೊದಲೇ ಇತ್ತೆಂದು ತಿಳಿದವರು ಆಕ್ಷೇಪಿಸಬಹುದು. ಎರಡು ಸಲ ಎಚ್ಚರಿಸಿದರೂ ಚಾಲನೆಯಲ್ಲಿರುವವರಿಂದ ಉತ್ತರ ಬಾರದಿದ್ದರೆ ಅವರು ಅಶಕ್ತರಾಗಿದ್ದಾರೆಂದು ಭಾವಿಸಿ ಇನ್ನೊಬ್ಬರು ನಿಯಂತ್ರಣವನ್ನು ವಹಿಸಿಕೊಳ್ಳಬೇಕೆಂಬ ಪದ್ಧತಿ ಅನೇಕ ಸಂಸ್ಥೆಗಳಲ್ಲಿದೆ. ಆದರೆ ಆ ಪದ್ಧತಿ ಎದುರಿಸುವುದು ಮೌನವನ್ನು. ಉತ್ತರ ಕೊಡುತ್ತಲೇ ತಪ್ಪನ್ನು ಮುಂದುವರಿಸುವವರನ್ನು ಅಲ್ಲ. ಕೆಂಜಾರಿನ ಮೇಲೆ ಕ್ಯಾಪ್ಟನ್ ಮೂಕರಾಗಿರಲಿಲ್ಲ, ಮಾರ್ಗದರ್ಶಿ ಸಂಕೇತವೇ ತಪ್ಪಿದೆಯೆಂಬರ್ಥದ ಮಾತನ್ನು ಆಡಿದ್ದರು. ಕಚೇರಿಗಳಲ್ಲಿಯೂ ತಪ್ಪುವ ಅಧಿಕಾರಿ ಸಾಮಾನ್ಯವಾಗಿ ಉತ್ತರ ಕೊಡುತ್ತಾನೆ, ಕೆಲವೊಮ್ಮೆ ಬಹಳ ಚೆನ್ನಾಗಿಯೇ ಕೊಡುತ್ತಾನೆ. ಕೇಳಿದವರಿಗೆ ಸಮಾಧಾನವಾಗುತ್ತದೆ, ಕೆಲಸ ಮಾತ್ರ ತಪ್ಪು ದಾರಿಯಲ್ಲೇ ಸಾಗುತ್ತದೆ.

ಇಲ್ಲಿ ಸಂಸ್ಕೃತಿಯ ವಾದ ತಲೆ ಎತ್ತುತ್ತದೆ. ಹಿರಿಯರ ಮುಂದೆ ಎದುರಾಡದಿರುವುದು ನಮ್ಮ ಸಂಪ್ರದಾಯ, ಆ ಸಂಕೋಚವೇ ಇಂಥ ದುರಂತಗಳಿಗೆ ಮೂಲ ಎಂಬ ವ್ಯಾಖ್ಯಾನವು ಮ್ಯಾಲ್ಕಮ್ ಗ್ಲ್ಯಾಡ್‌ವೆಲ್ ಅವರ 2008ರ ಜನಪ್ರಿಯ ಪುಸ್ತಕ ‘ಔಟ್‌ಲಯರ್ಸ್’ನಲ್ಲಿ ಕೊರಿಯಾದ ಪೈಲಟ್‌ಗಳನ್ನು ಕುರಿತು ಇರುವ ಅಧ್ಯಾಯದಿಂದ ಬಹಳ ಹಬ್ಬಿತು. ಮಂಗಳೂರಿನ ಪ್ರಕರಣ ಈ ವ್ಯಾಖ್ಯಾನಕ್ಕೆ ಸ್ವಲ್ಪವೂ ಒಗ್ಗುವುದಿಲ್ಲ, ಏಕೆಂದರೆ ಎದುರಾಡಲು ಸಂಕೋಚಪಡಬೇಕಾಗಿದ್ದ ಭಾರತೀಯನೇ ಇಲ್ಲಿ ಮಾತಾಡಿದ್ದು, ಕಿವಿಗೊಡದೆ ಹೋದದ್ದು ಯೂರೋಪಿನಿಂದ ಬಂದ ಕ್ಯಾಪ್ಟನ್. ವಿಮಾನಯಾನದ ಇತಿಹಾಸದಲ್ಲಿ ಅತಿ ಹೆಚ್ಚು ಜೀವಗಳನ್ನು ಬಲಿ ತೆಗೆದುಕೊಂಡ ಅಪಘಾತವೂ, 1977ರ ಮಾರ್ಚ್ 27ರಂದು ಟೆನೆರಿಫ್ ದ್ವೀಪದ ರನ್‌ವೇಯಲ್ಲಿ ಎರಡು ಜಂಬೋ ವಿಮಾನಗಳು ಡಿಕ್ಕಿ ಹೊಡೆದು 583 ಮಂದಿ ಸತ್ತದ್ದು, ಇದೇ ಬಗೆಯದು. ಎದುರಿನ ವಿಮಾನ ರನ್‌ವೇಯಿಂದ ಇನ್ನೂ ಹೊರಗೆ ಹೋಗಿಲ್ಲವೇ ಎಂದು ಡಚ್ ವಿಮಾನದ ಫ್ಲೈಟ್ ಎಂಜಿನಿಯರ್ ಕೇಳಿದ್ದರು. ಹೋಗಿದೆ ಎಂದು ಕ್ಯಾಪ್ಟನ್ ಖಚಿತವಾಗಿ ಉತ್ತರಿಸಿ, ಆಗಲೇ ಆರಂಭಿಸಿದ್ದ ಓಟವನ್ನು ಮುಂದುವರಿಸಿದರು. ಆ ಕ್ಯಾಪ್ಟನ್ ಸಾಮಾನ್ಯರಲ್ಲ, ಕೆಎಲ್‌ಎಂ ಸಂಸ್ಥೆಯ ಪ್ರಮುಖ ತರಬೇತುದಾರರು, ಅದರ ಜಾಹೀರಾತುಗಳಲ್ಲಿ ಮುಖ ಕಾಣಿಸಿಕೊಂಡವರು. ನಾಯಕನನ್ನು ತರಬೇತಿಯಿಂದ ತಯಾರಿಸಬಹುದೆಂಬ ನಂಬಿಕೆಗೆ ತರಬೇತುದಾರನೇ ಹೀಗೆ ಎದುರು ಸಾಕ್ಷಿಯಾಗಿ ನಿಂತದ್ದನ್ನು ಶಿಬಿರಗಳಲ್ಲಿ ಯಾರೂ ಪ್ರಸ್ತಾಪಿಸುವಂತಿಲ್ಲ.

ಟೆನೆರಿಫ್‌ನ ಮತ್ತು ಅದರ ಮುಂದಿನ ವರ್ಷಗಳ ಅಪಘಾತಗಳ ಬಳಿಕ ‘ಕ್ರೂ ರಿಸೋರ್ಸ್ ಮ್ಯಾನೇಜ್‌ಮೆಂಟ್’ ಎಂಬ ತರಬೇತಿ ಪದ್ಧತಿ ರೂಪುಗೊಂಡಿತು. ಚಾಲಕ ಕೋಣೆಯಲ್ಲಿರುವ ಎಲ್ಲರ ತಿಳಿವನ್ನೂ ಬಳಸಿಕೊಳ್ಳುವುದು ಅದರ ಗುರಿ. ಅದರಿಂದ ಬಹಳ ಜೀವಗಳು ಉಳಿದಿವೆಯೆಂಬುದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಅದು ಮಾತಿನ ತರಬೇತಿಯಾಗಿಯೇ ಉಳಿದಲ್ಲಿ ಏನಾಗುತ್ತದೆಂಬುದಕ್ಕೆ ಕೆಂಜಾರಿನ ಹತ್ತು ವರ್ಷಗಳ ನಂತರ, 2020ರ ಆಗಸ್ಟ್ 7ರಂದು, ಕೋಝಿಕ್ಕೋಡಿನ ಕರಿಪ್ಪೂರಿನಲ್ಲಿ ಮತ್ತೊಂದು ಸಾಕ್ಷ್ಯ ದೊರಕಿತು. ಅದೇ ಸಂಸ್ಥೆ, ಅದೇ ಮಾದರಿಯ ವಿಮಾನ, ಅದೇ ದುಬೈ ಮಾರ್ಗ, ಮತ್ತೊಂದು ಟೇಬಲ್‌ಟಾಪ್ ರನ್‌ವೇ; ಮಳೆಯಲ್ಲಿ, ಬೆನ್ನಹಿಂದಿನಿಂದ ಗಾಳಿ ಬೀಸುತ್ತಿದ್ದಾಗ, 8,858 ಅಡಿ ಉದ್ದದ ರನ್‌ವೇಯಲ್ಲಿ 4,438 ಅಡಿ ದಾಟಿದ ಮೇಲೆ ವಿಮಾನ ನೆಲ ಮುಟ್ಟಿತು; 21 ಮಂದಿ ಸತ್ತರು. ಸಹಪೈಲಟ್ ‘ಗೋ ಅರೌಂಡ್’ ಎಂದಿದ್ದರು. ವಿಮಾನ ಅಪಘಾತ ತನಿಖಾ ಸಂಸ್ಥೆಯು 2021ರಲ್ಲಿ ಪ್ರಕಟಿಸಿದ ವರದಿಯ ಸಂಭವನೀಯ ಕಾರಣದಲ್ಲಿ ಆ ಸೂಚನೆಯನ್ನು ಮೀರಿ ಇಳಿತವನ್ನು ಮುಂದುವರಿಸಿದ್ದೂ, ಸೂಚನೆ ಕೊಟ್ಟವರು ನಿಯಂತ್ರಣವನ್ನು ವಹಿಸಿಕೊಳ್ಳದೆ ಹೋದದ್ದೂ ಒಟ್ಟಿಗೆ ಇವೆ. ಇಬ್ಬರ ನಡುವಿನ ‘ಅಧಿಕಾರದ ಇಳಿಜಾರು’, ಅಂದರೆ ಹುದ್ದೆ ಮತ್ತು ಅನುಭವಗಳ ಅಂತರದಿಂದ ಹುಟ್ಟುವ ಏರುತಗ್ಗು, ತೀರಾ ಕಡಿದಾಗಿತ್ತೆಂದೂ ವರದಿ ಹೇಳುತ್ತದೆ. ಇನ್ನೊಂದು ಅಂಶ ಕಚೇರಿಗಳಿಗೆ ಮತ್ತೂ ಹತ್ತಿರದ್ದು: ಮರುದಿನ ಬೆಳಿಗ್ಗೆ ಕೋಝಿಕ್ಕೋಡಿನಿಂದಲೇ ಹೊರಡಬೇಕಾಗಿದ್ದ ವಿಮಾನವನ್ನು ಅದೇ ಕ್ಯಾಪ್ಟನ್ ನಡೆಸಬೇಕಿತ್ತು, ಅಲ್ಲಿ ಸಾಕಷ್ಟು ಕ್ಯಾಪ್ಟನ್‌ಗಳಿರಲಿಲ್ಲ, ಆ ಕೊರತೆಗೆ ಸಂಸ್ಥೆಯ ಸಿಬ್ಬಂದಿ ನೀತಿಯ ದೋಷ ಕಾರಣವಾಗಿತ್ತು. ಬೇರೆಡೆ ಹೋಗಿ ಇಳಿಯದೆ ಇಲ್ಲಿಯೇ ಇಳಿಯಬೇಕೆಂಬ ಒತ್ತಡವು ಹೀಗೆ ವೇಳಾಪಟ್ಟಿ ತಯಾರಿಸುವ ಮೇಜಿನ ಮೇಲೆ ಹುಟ್ಟಿತ್ತು. ಅದನ್ನು ಕ್ಯಾಪ್ಟನ್‌ನ ಸ್ವಭಾವದೊಳಗೆ ಹುಡುಕುವುದು ವ್ಯರ್ಥ.

ವಿಚಿತ್ರವೆಂದರೆ ಈ ಪಾಠವನ್ನು ಕಲಿಯಲು ಮಂಗಳೂರಿನವರು ಆಕಾಶದತ್ತ ನೋಡಬೇಕಾಗಿರಲಿಲ್ಲ. 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಅವರು ಮಂಗಳೂರಿನಲ್ಲಿ ಸ್ಥಾಪಿಸಿದ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕ್, 1924ರ ಕರ್ಣಾಟಕ ಬ್ಯಾಂಕ್, 1925ರ ಸಿಂಡಿಕೇಟ್ ಬ್ಯಾಂಕ್, 1931ರ ವಿಜಯಾ ಬ್ಯಾಂಕ್, ಇವುಗಳ ಚರಿತ್ರೆಯನ್ನು ಸಂಸ್ಥಾಪಕರ ದೂರದೃಷ್ಟಿಯ ಕಥೆಯಾಗಿ ಹೇಳುವುದೇ ವಾಡಿಕೆ. ಆ ದೂರದೃಷ್ಟಿ ನಿಜವಾದುದೇ, ಅದಕ್ಕೆ ಸಲ್ಲಬೇಕಾದ ಗೌರವ ಸಲ್ಲಲಿ. ಆದರೆ ಬ್ಯಾಂಕಿನ ಶಾಖೆಯೊಂದರ ನಗದು ಇರುವ ತಿಜೋರಿಯನ್ನು ಕಾಯುವುದು ಯಾರ ದೂರದೃಷ್ಟಿಯೂ ಅಲ್ಲ, ಎರಡು ಕೀಲಿಕೈಗಳು. ಒಂದು ಮ್ಯಾನೇಜರ್ ಅಥವಾ ಅಧಿಕಾರಿಯ ವಶದಲ್ಲಿ, ಇನ್ನೊಂದು ಕ್ಯಾಷಿಯರ್ ವಶದಲ್ಲಿ. ಎರಡೂ ಸೇರದೆ ಬಾಗಿಲು ತೆರೆಯದು. ಮ್ಯಾನೇಜರ್ ಸತ್ಯವಂತನೇ, ಕ್ಯಾಷಿಯರ್ ಧೈರ್ಯಶಾಲಿಯೇ ಎಂದು ಈ ಏರ್ಪಾಡು ವಿಚಾರಿಸುವುದಿಲ್ಲ. ಮ್ಯಾನೇಜರ್ ಎಷ್ಟೇ ಗಟ್ಟಿಯಾಗಿ ಗದರಿದರೂ ಕ್ಯಾಷಿಯರ್ ವಾಗ್ಮಿಯಾಗಬೇಕಾಗಿಲ್ಲ, ಕೀಲಿಕೈ ತಿರುಗಿಸದಿದ್ದರೆ ಸಾಕು. ಕೆಂಜಾರಿನ ಮೇಲೆ ಸಹಪೈಲಟ್‌ಗೆ ಇದ್ದದ್ದು ಬಾಯಿ. ಇಲ್ಲದ್ದು ಇಂಥ ಒಂದು ಕೀಲಿಕೈ. ಹಣದ ವಿಷಯದಲ್ಲಿ ನೂರು ವರ್ಷಗಳಿಂದ ನಾಯಕನ ವಿವೇಕವನ್ನು ನಂಬದೆ ಬಂದ ಊರು, ಜೀವದ ವಿಷಯದಲ್ಲಿ ಅದನ್ನೇ ನಂಬಿ ಕೂತದ್ದು ಹೇಗೆಂಬುದು ಯೋಚಿಸಬೇಕಾದ ಸಂಗತಿ.

ಈ ವಾದದ ಮೇಲೆ ಬರಬಹುದಾದ ಗಂಭೀರವಾದ ಆಕ್ಷೇಪ ಒಂದೇ: ತುರ್ತಿನ ವೇಳೆಯಲ್ಲಿ ಇಬ್ಬರು ಒಡೆಯರಿದ್ದರೆ ಕೆಲಸ ಕೆಡುತ್ತದೆ, ಆಜ್ಞೆ ಒಬ್ಬರಿಂದಲೇ ಬರಬೇಕು. ಆಕ್ಷೇಪ ಸರಿ, ಆದರೆ ಅದು ತಾಗುವುದು ಬೇರೆ ಗುರಿಗೆ. ನಡೆಸುವ ಅಧಿಕಾರ ಮತ್ತು ತಡೆಯುವ ಅಧಿಕಾರ ಎರಡೂ ಒಂದೇ ಅಲ್ಲ. ಎತ್ತ ಸಾಗಬೇಕು, ಹೇಗೆ ಸಾಗಬೇಕು ಎಂಬುದನ್ನು ನಿರ್ಧರಿಸುವವರು ಒಬ್ಬರೇ ಇರಲಿ. ನಿಲ್ಲಿಸುವುದರಿಂದ ಆಗುವ ನಷ್ಟ ಅಲ್ಪವಾಗಿದ್ದು, ಮುಂದುವರಿಸುವುದರಿಂದ ಆಗುವ ನಷ್ಟ ಮರಳಿ ತುಂಬಲಾರದ್ದಾಗಿರುವ ಕಡೆ, ತಡೆಯುವ ಅಧಿಕಾರ ಸ್ಥಳದಲ್ಲಿರುವ ಅತಿ ಕಿರಿಯರಿಗೂ ಇರಬೇಕು. ಇಳಿತವನ್ನು ಕೈಬಿಟ್ಟರೆ ತಗಲುವುದು ಕೆಲವು ನಿಮಿಷ ಮತ್ತು ಒಂದಿಷ್ಟು ಇಂಧನ. ಶಸ್ತ್ರಚಿಕಿತ್ಸೆಯಲ್ಲಿ ಚರ್ಮದ ಮೇಲೆ ಕತ್ತಿಯಿಡುವ ಮೊದಲು ರೋಗಿ, ಅಂಗ ಮತ್ತು ಚಿಕಿತ್ಸೆಯನ್ನು ಎಲ್ಲರೂ ಕೇಳುವಂತೆ ಖಚಿತಪಡಿಸಿಕೊಳ್ಳಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ತಪಶೀಲು ಪಟ್ಟಿ ಹೇಳುತ್ತದೆ. ಅಲ್ಲಿ ನಿಲ್ಲುವುದಕ್ಕೆ ತಗಲುವುದು ಒಂದೆರಡು ನಿಮಿಷ, ಆದ್ದರಿಂದ ದಾದಿಯೊಬ್ಬರು ನಿಲ್ಲಿಸಬಹುದು. ಅದೇ ಶಸ್ತ್ರಚಿಕಿತ್ಸೆಯ ನಡುವೆ ರಕ್ತನಾಳವೊಂದು ತೆರೆದಿರುವಾಗ ನಿಲ್ಲಿಸುವುದೇ ಅಪಾಯವಾದ್ದರಿಂದ ಅಲ್ಲಿ ಈ ಅಧಿಕಾರ ಸಲ್ಲದು. ಯಾವ ಕೆಲಸದ ಯಾವ ಹಂತ ಯಾವ ಬಗೆಯದೆಂದು ಮೊದಲೇ ವಿಂಗಡಿಸಿ ಬರೆದಿಡುವುದು ಬೇಸರದ ಕೆಲಸ, ವೇದಿಕೆಯ ಮೇಲೆ ಮಿಂಚುವಂಥದ್ದಲ್ಲ. ಹಾಗಾಗಿಯೇ ಅದಕ್ಕೆ ಬದಲಾಗಿ ಭಾಷಣಗಳು ನಡೆಯುತ್ತವೆ.

ಬರೆದಿಟ್ಟ ಮಾತ್ರಕ್ಕೆ ಮುಗಿಯುವುದೂ ಇಲ್ಲ. ತಡೆಯುವ ಅಧಿಕಾರದ ಬೆಲೆ ನಿಷ್ಕರ್ಷೆಯಾಗುವುದು ಸರಿಯಾಗಿ ತಡೆದವರಿಗೆ ಸಿಗುವ ಸನ್ಮಾನದಿಂದಲ್ಲ, ತಪ್ಪಾಗಿ ತಡೆದವರಿಗೆ ಆಗುವ ಗತಿಯಿಂದ. ತಡೆದ ಮೇಲೆ ಪರೀಕ್ಷಿಸಿ ನೋಡಿದರೆ ಅಪಾಯವೇ ಇರಲಿಲ್ಲವೆಂದು ತಿಳಿದಾಗ, ಸಮಯ ಹಾಳು ಮಾಡಿದವರೆಂಬ ಹೆಸರು ಬಂದು, ಬಡ್ತಿಯ ಪಟ್ಟಿಯಿಂದ ಜಾರಿ, ದೂರದ ಶಾಖೆಗೆ ವರ್ಗವಾಗುವುದಾದರೆ ನಿಯಮ ಪುಸ್ತಕದಲ್ಲಿ ಏನೇ ಇರಲಿ ಎರಡನೆಯ ಸಲ ಯಾರೂ ತಡೆಯುವುದಿಲ್ಲ. ಇಳಿತವನ್ನು ಕೈಬಿಟ್ಟ ಪೈಲಟ್‌ನಿಂದ ವಿವರಣೆ ಕೇಳಿ ಶಿಕ್ಷಿಸಬಾರದೆಂಬ ನೀತಿ ವಿಮಾನಯಾನದಲ್ಲಿ ಬೆಳೆದುಬಂದದ್ದು ಉದಾರತೆಯಿಂದಲ್ಲ, ಈ ಲೆಕ್ಕ ಅರ್ಥವಾದ ಮೇಲೆ. ಬೇರೆ ಸಂಸ್ಥೆಗಳಲ್ಲಿ ಹೀಗೆ ಅನಗತ್ಯವಾಗಿ ಕೆಲಸ ನಿಲ್ಲಿಸಿದವರ ವಾರ್ಷಿಕ ಮೌಲ್ಯಮಾಪನದಲ್ಲಿ ಏನನ್ನು ಬರೆಯಲಾಗಿದೆ, ಮುಂದಿನ ಎರಡು ವರ್ಷಗಳಲ್ಲಿ ಅವರು ಎಲ್ಲಿದ್ದರು ಎಂಬುದು ಆಯಾ ಸಂಸ್ಥೆಯ ಕಡತಗಳಲ್ಲಿಯೇ ಇರುತ್ತದೆ. ಮುಂದಿನ ನಾಯಕತ್ವ ಶಿಬಿರಕ್ಕೆ ಹಣ ಮಂಜೂರು ಮಾಡುವ ಮೊದಲು ಆಡಳಿತ ಮಂಡಳಿಗಳು ಆ ಕಡತಗಳನ್ನು ತರಿಸಿ ಓದಬಹುದು, ಅದಕ್ಕೆ ಯಾವ ತರಬೇತುದಾರನೂ ಬೇಕಾಗುವುದಿಲ್ಲ.